ಪೆಕಾನ್ ಕಾರ್ಖಾನೆಯ ಬಿಸಿನೀರ ತೊಟ್ಟಿ

ಡಿಸೆಂಬರ್ ಎಂಟು, ಭಾನುವಾರ. ಮಧ್ಯಾಹ್ನ 3.20ಕ್ಕೆ ಪೆಕಾನ್ ಕಾರ್ಖಾನೆಯ ಕಾವಲುಗಾರ ಹಿಮೆನೆಸ್ ಠಾಣೆಗೆ ಓಡಿ ಬಂದ. ಅಂಗಿಯ ಮೇಲೆಲ್ಲ ವಾಂತಿ.

"ಯಜಮಾನ್ರು ತೊಟ್ಟೀಲಿದ್ದಾರೆ," ಅಂದ.

ಇನ್ಸ್‌ಪೆಕ್ಟರ್ ರೆಬೆಕಾ ಎಫ್‌ಐಆರ್ ಬರೆಸಿ, ಪೇದೆ ಕಾಸ್ತುಲೋನ ಜತೆ 3.50ಕ್ಕೆ ಸ್ಥಳ ಮುಟ್ಟಿದಳು. ಚಿಪ್ಪು ಒಡೆಯುವ ಮುನ್ನ ರೋಗಾಣು ಸಾಯಲೆಂದು ಅಕ್ರೋಟಿನಂಥ ಪೆಕಾನ್ ಕಾಯಿಗಳನ್ನು ಬಿಸಿನೀರಲ್ಲಿ ಅದ್ದುವ ಉಕ್ಕಿನ ತೊಟ್ಟಿ ಅದು. ಮಾಲೀಕ ಎವರಿಸ್ತೋ ಲುಹಾನ್ ಅದರಲ್ಲಿ ಬೋರಲಾಗಿ ತೇಲುತ್ತಿದ್ದ. ತಲೆಯ ಹಿಂಬದಿ ಬಿರಿದಿತ್ತು. ಎತ್ತಲು ಹೋದ ಕಾಸ್ತುಲೋನ ಹಿಡಿಯಲ್ಲೇ ಹೆಣದ ಮುಂಗೈ ಚರ್ಮ ಸುಲಿದು ಉಳಿಯಿತು. ನೆಲದ ಮೇಲೆ ರಕ್ತ ಮೆತ್ತಿದ ಸ್ಪ್ಯಾನರ್.

"ಏಟಿಗೇ ಸತ್ತನಾ?" ರೆಬೆಕಾ ಕೇಳಿದಳು.

"ಇಲ್ಲ ಮೇಡಂ," ಎಂದ ಹಿಂದೆಯೇ ಬಂದಿದ್ದ ಪೊಲೀಸ್ ವೈದ್ಯ. "ನೀರಿಗೆ ಬಿದ್ದಾಗ ಜೀವ ಇತ್ತು. ಉಗುರು ನೋಡಿ. ತೊಟ್ಟಿಯ ಅಂಚು ಪರಚಿದ್ದಾನೆ."

ರೆಬೆಕಾ ಪಂಚನಾಮೆ ಮುಂದುವರಿಸಿದಳು. ಗೋಡೆಯ ಮೇಲೆ ನೀರಿನ ಶಾಖವನ್ನು ಕಾಗದದ ಮೇಲೆ ತಾನೇ ಗೀಚುವ ಯಂತ್ರವಿತ್ತು. ವಾರವಿಡೀ ಗೆರೆ ಅರವತ್ತು ಡಿಗ್ರಿ ದಾಟಿರಲಿಲ್ಲ. ಇವತ್ತು ಒಂದೂವರೆಗೆ ಮಾತ್ರ ತೊಂಬತ್ತು.

"ರಜೆ ದಿನ ಬಾಯ್ಲರ್ ಹೊತ್ತಿಸಿದ್ದು ಯಾರು?"

"ಕ್ರಿಸಾಂತೋ," ಎಂದ ಕಾವಲುಗಾರ. "ಯಜಮಾನ್ರೇ ಕರೆಸಿದ್ರು. ನಾನು ಒಂದು ಗಂಟೆಗೆ ಊಟಕ್ಕೆ ಹೋದೆ. ವಾಪಸ್ ಬಂದಾಗ ಅವನಿರಲಿಲ್ಲ."

5.10ಕ್ಕೆ ಬಾಯ್ಲರ್ ಕೆಲಸಗಾರ ಕ್ರಿಸಾಂತೋ ಬಾಏಸಾನ ಮನೆ. ಅಂಗಳದಲ್ಲಿ ಕೂತಿದ್ದ ಅವನ ತೋಳುಗಳಿಗೆ ಹೆಂಡತಿ ದೆಲ್ಫಿನಾ ಒದ್ದೆ ಬಟ್ಟೆ ಸುತ್ತುತ್ತಿದ್ದಳು.

"ಕೈಗೇನಾಯ್ತು?"

"ಕುದಿಯೋ ಕಾಳಿನ ಪಾತ್ರೆ ಮಗುಚಿತು."

"ಎರಡೂ ಕೈ, ಮೊಣಕೈವರೆಗೂ?"

ಅವನು ಬಟ್ಟೆಯ ತುದಿಯನ್ನು ಮೊಣಕೈ ಮೇಲೆ ಎಳೆದುಕೊಂಡ.

"ಲುಹಾನ್‌ನನ್ನ ನೀರಲ್ಲಿ ಹಿಡಿದು ಅದುಮಿದ್ಯಾ?"

"ಮೇಲೆ ಬರ್ತಿದ್ದ ಮೇಡಂ. ಎರಡು ಸಲ ಬಂದ."

ದೆಲ್ಫಿನಾಳ ಕೈ ನಿಂತಿತು.

ಉಳಿದದ್ದನ್ನು ಅವನೇ ಹೇಳಿದ. ಆಗಸ್ಟ್‌ನಲ್ಲಿ ಜರ್ಮನಿಗೆ ಹೋದ ಮಾಲು ರೋಗಾಣು ಇದೆಯೆಂದು ತಿರುಗಿ ಬಂತು. ಗ್ಯಾಸ್ ಉಳಿಸಲು ನೀರನ್ನು ಸಾಕಷ್ಟು ಕಾಯಿಸದವನು ಲುಹಾನ್. ಬಯ್ಗುಳ ಬಿದ್ದದ್ದು ತಿರುಳು ಆರಿಸುವ ಹೆಂಗಸರಿಗೆ. ಕೊಳಕು ಕೈಯವರೆಂದು ಹನ್ನೆರಡು ಜನರ ಫೋಟೋ ಗೇಟಿಗೆ ಅಂಟಿಸಿ ಆಚೆ ತಳ್ಳಿದ. ಅವರಲ್ಲಿ ದೆಲ್ಫಿನಾಳೂ ಒಬ್ಬಳು. ಊರಿನ ಬೇರಾವ ಕಾರ್ಖಾನೆಯೂ ಅವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

"ಮಂಗಳವಾರ ಜರ್ಮನಿಯವರು ತಪಾಸಣೆಗೆ ಬರ್ತಾರಂತೆ. ನೀರು ತೊಂಬತ್ತಕ್ಕೆ ಏರಿಸು, ಆಗಸ್ಟ್ ತಾರೀಕು ಹಾಕಿ ಯಂತ್ರದ ಕಾಗದ ತೆಗಿ ಅಂದ. ನೀರು ಕಾದಿತ್ತು, ತಪ್ಪು ಹೆಂಗಸರದ್ದೇ ಅಂತ ಕಾಗದ ಹೇಳ್ಬೇಕಂತೆ. ನಗ್ತಾ ಹೇಳಿದ. ಸ್ಪ್ಯಾನರ್ ಕೈಯಲ್ಲೇ ಇತ್ತು."

6.05ಕ್ಕೆ ಬಂಧನ. ಸುಟ್ಟ ಮಣಿಕಟ್ಟಿಗೆ ಕೋಳ ತೊಡಿಸುವುದು ಬೇಡವೆಂದಳು ರೆಬೆಕಾ. ಜೀಪಿನ ಬಳಿ ದೆಲ್ಫಿನಾ ಗಂಡನ ಮುಂದೆ ಬಂದು ನಿಂತಳು.

"ನೀರು ಕಾದಿರಲಿಲ್ಲ ಅಂತ ನಿಂಗೆ ಆಗಸ್ಟ್‌ನಲ್ಲೇ ಗೊತ್ತಿತ್ತಾ?"

"ಕೆಲಸ ಹೋಗತ್ತೆ ಅಂತ ಬಾಯಿ ಬಿಡ್ಲಿಲ್ಲ," ಎಂದ, ನೆಲ ನೋಡುತ್ತ.

ಅವಳು ಅಂಗೈ ಚಾಚಿದಳು. ಕೊಳಕು ಕೈ ಅನ್ನಿಸಿಕೊಂಡ ಮೇಲೆ ನಾಲ್ಕು ತಿಂಗಳು ದಿನಾ ಬ್ಲೀಚಿನಲ್ಲಿ ತಿಕ್ಕಿ ತಿಕ್ಕಿ ಆ ಚರ್ಮ ಬಿಳಿಚಿ, ಗೆರೆಗೆರೆಯಾಗಿ ಸೀಳಿತ್ತು.

ಕ್ರಿಸಾಂತೋ ತಾನೇ ಜೀಪಿನ ಬಾಗಿಲು ತೆಗೆದು ಒಳಗೆ ಕೂತ.