ತಮ್ಮನ ಮಂಡಿ, ಪಾಸ್ಟರಂಕಲ್ ಬಾಯಿ

"ಬಗ್ಗಿಸಲ್ಲ ಅಂದ್ರೆ ಬಗ್ಗಿಸಲ್ಲ," ಎಂದು ತಮ್ಮ ಹೊದಿಕೆಯನ್ನು ತಲೆಯವರೆಗೂ ಎಳೆದುಕೊಂಡ.

"ಒಂದೇ ಒಂದು ಸಲ ಕಣೋ, ನನ್ನ ಬಂಗಾರ," ಎಂದಳು ಅಮ್ಮ. ಅವಳ ಕೈಯಲ್ಲಿ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ಇತ್ತು.

"ನಿನ್ನೆನೂ ಒಂದೇ ಅಂದೆ. ಆಮೇಲೆ ಇನ್ನೊಂದು ಅಂದೆ."

ಹೊದಿಕೆಯೊಳಗಿಂದ ಬಂದ ಆ ಮಾತು ಕೇಳಿ ಅಮ್ಮ ಟವೆಲನ್ನು ಇನ್ನೊಂದು ಸಲ ಹಿಂಡಿದಳು. ಪಕ್ಕದಲ್ಲೇ ಕೂತಿದ್ದ ಅಕ್ಕ ಬುಗುರಿ ಮುಖ ಊದಿಸಿಕೊಂಡು ಕಿಟಕಿಯ ಕಡೆ ತಿರುಗಿದಳು.

ಬುಗುರಿ ಅವಳ ನಿಜವಾದ ಹೆಸರಲ್ಲ. ಚಿಕ್ಕವಳಿದ್ದಾಗ ಗಿರಗಿರ ಸುತ್ತಿ ಸುತ್ತಿ ಬೀಳುತ್ತಿದ್ದಳಂತೆ. ಆಗ ಅಂಟಿದ ಹೆಸರು ಐದನೇ ಕ್ಲಾಸಿಗೆ ಬಂದರೂ ಬಿಟ್ಟಿರಲಿಲ್ಲ. ತಮ್ಮನ ಹೆಸರು ಕಪ್ಪೆಮರಿ. ನೆಟ್ಟಗೆ ನಡೆಯುವುದು ಅವನ ಜಾಯಮಾನದಲ್ಲೇ ಇಲ್ಲ. ಅಡುಗೆಮನೆಗೆ ನೀರು ಕುಡಿಯಲು ಹೋಗಬೇಕಾದರೂ ಹಾರುತ್ತಲೇ ಹೋಗಬೇಕು.

ಅಂಥ ಕಪ್ಪೆಮರಿ ಈಗ ಮಂಚ ಬಿಟ್ಟು ಇಳಿಯುತ್ತಿರಲಿಲ್ಲ.

ಮನೆಯ ಕೆಳಗೇ ಅಪ್ಪ ಅಮ್ಮನ ಲಾಂಡ್ರಿ ಇತ್ತು. ಎರಡು ತಿಂಗಳ ಹಿಂದೆ, ಹಿತ್ತಲ ತಂತಿಯ ಮೇಲೆ ಒಣಹಾಕಿದ್ದ ಯಾರದೋ ಬಿಳಿ ಶರ್ಟು ಗಾಳಿಗೆ ಹಾರಿ ಗೋಡೆಯ ಮೇಲೆ ಸಿಕ್ಕಿಕೊಂಡಿತ್ತು. ಅಮ್ಮನಿಗೆ ಕೆಲಸ ತಪ್ಪಲಿ ಎಂದು ಕಪ್ಪೆಮರಿ ತಾನೇ ಗೋಡೆ ಹತ್ತಿದ. ಶರ್ಟು ಸಿಕ್ಕಿತು, ಕಾಲು ಜಾರಿತು. ಮಂಡಿಯ ಹತ್ತಿರ ಮೂಳೆ ಮುರಿಯಿತು.

ಆಪರೇಷನ್ ಆಯಿತು. ಹೊಲಿಗೆ ಬಿಚ್ಚಿದ್ದೂ ಆಯಿತು. ಮೂಳೆ ಚೆನ್ನಾಗಿ ಕೂಡಿಕೊಂಡಿದೆ ಎಂದರು ಡಾಕ್ಟರ್. ಆದರೆ ದಿನಾ ಬಗ್ಗಿಸದಿದ್ದರೆ ಮಂಡಿ ಹಾಗೇ ಬಿಗಿದುಕೊಂಡುಬಿಡುತ್ತದೆ, ಆಮೇಲೆ ಕುಂಟುವುದೇ ಗತಿ ಎಂದೂ ಹೇಳಿದರು. ಬಗ್ಗಿಸಿದರೋ ಜೀವ ಹೋಗುವಷ್ಟು ನೋವು.

ದೇವರೇ, ಇವತ್ತಾದರೂ ಅವನಿಗೆ ನೋವಾಗದಿರಲಿ ಎಂದು ಬುಗುರಿ ಪ್ರಾರ್ಥನೆ ಮಾಡುತ್ತಿದ್ದಳು. ಮೊದಮೊದಲು ಮಲಗುವಾಗ ಮಾತ್ರ. ಆಮೇಲೆ ಊಟಕ್ಕೆ ಮುಂಚೆ. ಆಮೇಲೆ ಗಣಿತದ ಕ್ಲಾಸಿನಲ್ಲೂ. ಜಪ್ಪಯ್ಯ ಅಂದರೂ ನೋವು ಕದಲಲಿಲ್ಲ. ಕೊನೆಗೆ ಈ ವಾರ ಅವಳು ದೇವರ ಜೊತೆ ಟೂ ಬಿಟ್ಟಿದ್ದಳು.

ಅಷ್ಟರಲ್ಲಿ ಕಾಲಿಂಗ್ ಬೆಲ್ ಹೊಡೆಯಿತು. ಬಂದವರು ಚರ್ಚಿನ ಪಾಸ್ಟರಂಕಲ್.

ಅವರು ಮಾತಿಗೆ ನಿಂತರೆ ನಿಲ್ಲಿಸುವವರಿಲ್ಲ. ಭಾನುವಾರ ಅವರು 'ಕೊನೆಯದಾಗಿ' ಎಂದ ಮೇಲೂ ಒಂದು ಸಣ್ಣ ನಿದ್ದೆ ತೆಗೆಯಬಹುದು ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ಇವತ್ತು ಇವರನ್ನೇ ಕೇಳಿಬಿಡಬೇಕು ಎಂದುಕೊಂಡು ಬುಗುರಿ ತಿರುಗಿ ನೋಡಿದಳು. ಪಾಸ್ಟರಂಕಲ್ ಎಡಗೆನ್ನೆ ಟೆನಿಸ್ ಬಾಲಿನ ಹಾಗೆ ಊದಿಕೊಂಡಿತ್ತು. ಅವರು ತಮ್ಮ ಬಾಯಿ ತೋರಿಸಿ, ಆಗಲ್ಲ ಎಂದು ಕೈಯಾಡಿಸಿದರು.

"ದವಡೆ ಹಲ್ಲು ತೆಗೆಸಿದ್ರಾ?" ಎಂದಳು ಅಮ್ಮ. "ಮಾತಾಡಬಾರದಂತಾ? ಪಾಪ, ಮನೇಲಿ ರೆಸ್ಟ್ ಮಾಡೋದಲ್ವಾ?"

ಹೊದಿಕೆ ಸ್ವಲ್ಪ ಸರಿದು ಒಂದು ಕಣ್ಣು ಹೊರಗೆ ಬಂತು. "ಪಾಸ್ಟರಂಕಲ್, ಹಾಗಾದ್ರೆ ಈ ಭಾನುವಾರ ಚರ್ಚ್ ಬೇಗ ಬಿಡುತ್ತಾ?"

"ಏಯ್, ಸುಮ್ಮನಿರು," ಎಂದಳು ಅಮ್ಮ. ಪಾಸ್ಟರಂಕಲ್‌ಗೆ ನಗು ತಡೆಯಲಾಗಲಿಲ್ಲ. ನಕ್ಕಿದ್ದೇ ತಡ, ನೋವಿಗೆ ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡರು.

ಟವೆಲ್ ತಣ್ಣಗಾಗಿತ್ತು. ಅಮ್ಮ ನೀರು ಕಾಯಿಸಲು ಒಳಗೆ ಹೋದಳು. ಬುಗುರಿ ಅಷ್ಟಕ್ಕೇ ಕಾಯುತ್ತಿದ್ದಳು.

"ಅಂಕಲ್, ದೇವರು ನೋವು ಬರೋಕೆ ಯಾಕೆ ಬಿಡ್ತಾನೆ? ಇವನೇನು ಕದಿಯೋಕೆ ಗೋಡೆ ಹತ್ತಿದ್ನಾ? ಅಮ್ಮಂಗೆ ಹೆಲ್ಪ್ ಮಾಡೋಕೆ ಹತ್ತಿದ್ದು. ಬೀಳೋವಾಗ ದೇವರಿಗೆ ಒಂದು ಕೈ ಹಿಡ್ಕೊಳ್ಳೋಕೆ ಆಗ್ಲಿಲ್ವಾ? ನಾನು ದಿನಾ ಕೇಳ್ಕೊಂಡ್ರೂ ಯಾಕೆ ಕೇಳಿಸ್ಕೊಳ್ಳಲ್ಲ?"

ಹೇಳಿ ಮುಗಿಸಿದ ಮೇಲೆ, ಬೈಸಿಕೊಳ್ಳುತ್ತೇನೆ ಎಂದು ಅವಳಿಗೆ ಭಯವಾಯಿತು.

ಪಾಸ್ಟರಂಕಲ್ ಬೈಯಲಿಲ್ಲ. ಮಂಚದ ಪಕ್ಕದಲ್ಲಿದ್ದ ಕಪ್ಪೆಮರಿಯ ಸ್ಲೇಟು ಎತ್ತಿಕೊಂಡರು. ಏನೋ ಬರೆದರು, ಅಳಿಸಿದರು. ಮತ್ತೆ ಬರೆದರು, ತೋಳಿನಿಂದ ಒರೆಸಿದರು. ಕೊನೆಗೆ ಸ್ಲೇಟು ತಿರುಗಿಸಿ ತೋರಿಸಿದರು.

'ಗೊತ್ತಿಲ್ಲಮ್ಮ.'

"ನಿಮಗೇ ಗೊತ್ತಿಲ್ವಾ? ನೀವು ಪಾಸ್ಟರ್ ಅಲ್ವಾ?"

ಅವರು ಮತ್ತೆ ಬರೆದರು. 'ನನ್ನ ತಂಗಿ ತೀರಿಕೊಂಡಾಗಿನಿಂದ ನಾನೂ ಕೇಳ್ತಾನೇ ಇದ್ದೀನಿ. ಯೇಸುವೂ ಕೇಳಿದ್ದ.'

"ಯೇಸುನಾ? ಯಾವಾಗ?"

ಪಾಸ್ಟರಂಕಲ್ ಸ್ಲೇಟಿನ ಮೇಲೆ ಒಂದು ಉದ್ದ ಗೆರೆ, ಒಂದು ಅಡ್ಡ ಗೆರೆ ಎಳೆದರು.

ಶಿಲುಬೆಯ ಕತೆ ಬುಗುರಿಗೆ ಬಾಯಿಪಾಠ. ಯಾಕೆ ನನ್ನ ಕೈಬಿಟ್ಟೆ ಎಂದು ಯೇಸು ಕೂಗಿದ್ದು ಸಂಡೇ ಸ್ಕೂಲಿನ ನಾಟಕದಲ್ಲೂ ಇತ್ತು. ಅದೂ ತನ್ನ ಹಾಗೇ ಕೇಳಿದ ಪ್ರಶ್ನೆ ಎಂದು ಮಾತ್ರ ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ.

"ಅದಕ್ಕೆ ದೇವರು ಏನಂದ?"

ಈ ಸಲ ಬರೆಯಲು ಬಹಳ ಹೊತ್ತು ಹಿಡಿಯಿತು. 'ಆಗ ಏನೂ ಹೇಳಲಿಲ್ಲ. ಮೂರನೇ ದಿನ ಎಬ್ಬಿಸಿದ.'

"ಮತ್ತೆ ಅಲ್ಲೀವರೆಗೆ?"

ಪಾಸ್ಟರಂಕಲ್ ಬಳಪ ಎತ್ತಿದರು. ಅಷ್ಟರಲ್ಲಿ ಹಬೆಯಾಡುವ ಟವೆಲ್ ಹಿಡಿದುಕೊಂಡು ಅಮ್ಮ ಬಂದಳು. ಕಪ್ಪೆಮರಿ ಪುಸಕ್ಕನೆ ಮತ್ತೆ ಹೊದಿಕೆಯೊಳಗೆ ಸೇರಿಕೊಂಡ.

ಪಾಸ್ಟರಂಕಲ್ ಸ್ಲೇಟು ಕೆಳಗಿಟ್ಟರು. ಜೇಬಿನಿಂದ ಐಸ್‌ಕ್ರೀಮ್ ಕಡ್ಡಿಗಳ ಒಂದು ಕಟ್ಟು ತೆಗೆದು, ಹೊದಿಕೆಯ ಮೇಲೆ ಟಕ್ ಟಕ್ ಎಂದು ಬಡಿದರು.

"ಏನದು?" ಎಂದು ಒಳಗಿಂದ ದನಿ ಬಂತು. ಹಿಂದೆಯೇ ಒಂದು ಮೂಗು ಬಂತು.

ಪಾಸ್ಟರಂಕಲ್ ಬಾಯಿ ತೆರೆದು ತೋರಿಸಿದರು. ಒಂದು ಬೆರಳು ತೂರುವಷ್ಟೂ ತೆರೆಯಲಿಲ್ಲ. ಕೆಲವು ಕಡ್ಡಿಗಳನ್ನು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಂಡರು. ಇನ್ನೊಂದು ಕಡ್ಡಿಯನ್ನು ಮೆಲ್ಲಗೆ ಮಧ್ಯಕ್ಕೆ ತಳ್ಳಿದರು. ಅವರ ಕಣ್ಣಲ್ಲಿ ನೀರು ಬಂತು.

"ನಿಮಗೂ ಎಕ್ಸರ್‌ಸೈಜಾ?" ಕಪ್ಪೆಮರಿ ಎದ್ದು ಕೂತೇಬಿಟ್ಟ. "ನಿಮ್ಮ ಬಾಯಿನೂ ಬಿಗಿದುಕೊಂಡಿದೆಯಾ?"

"ಊಂ," ಎಂದರು ಪಾಸ್ಟರಂಕಲ್.

"ನೋವಾಗುತ್ತಾ?"

"ಊಂ."

"ತುಂಬಾ?"

"ಊಊಂ."

ಕಪ್ಪೆಮರಿ ಯೋಚಿಸಿದ. "ಇದು ಮೋಸ. ನಿಮಗೆ ಐಸ್‌ಕ್ರೀಮ್ ಸಿಕ್ಕಿದೆ. ನನಗೆ ಬರೀ ಟವೆಲ್ಲು."

ಪಾಸ್ಟರಂಕಲ್ ಒಂದು ಕಡ್ಡಿ ಎತ್ತಿ ತಮ್ಮ ಬಾಯಿ ತೋರಿಸಿದರು, ಆಮೇಲೆ ಅವನ ಮಂಡಿ ತೋರಿಸಿದರು. ಬುಗುರಿಗೆ ತಟ್ಟನೆ ಅರ್ಥವಾಯಿತು.

"ನೀನು ಒಂದು ಸಲ ಬಗ್ಗಿಸಿದ್ರೆ ಅವರು ಒಂದು ಕಡ್ಡಿ ಹಾಕ್ತಾರಂತೆ ಕಣೋ. ನಾನು ಅಂಪೈರ್."

"ಅವರು ಮೋಸ ಮಾಡಿದ್ರೆ?"

"ಔಟ್ ಕೊಡ್ತೀನಿ."

ಅಮ್ಮ ಮಂಡಿಗೆ ಟವೆಲ್ ಸುತ್ತಿದಳು. ಕಪ್ಪೆಮರಿ ಕಣ್ಣು ಮುಚ್ಚಿ, ಅಕ್ಕನ ಕೈಯನ್ನು ಉಗುರು ನೆಡುವಂತೆ ಹಿಡಿದುಕೊಂಡು ಮಂಡಿ ಬಗ್ಗಿಸಿದ. "ಅಯ್ಯಯ್ಯಯ್ಯೋ" ಎಂದು ಅವನು, "ಆಆಂ" ಎಂದು ಪಾಸ್ಟರಂಕಲ್, ಇಬ್ಬರೂ ಒಟ್ಟಿಗೇ ರಾಗ ಎಳೆದರು. ಬಾಯಿ ತುಂಬ ಕಡ್ಡಿ ಕಚ್ಚಿಕೊಂಡಿದ್ದ ಪಾಸ್ಟರಂಕಲ್ ಥೇಟ್ ಬಾತುಕೋಳಿಯ ಹಾಗೆ ಕಾಣುತ್ತಿದ್ದರು. ಕಪ್ಪೆಮರಿ ಅಳುತ್ತ ಅಳುತ್ತಲೇ ನಗತೊಡಗಿದ. ನಕ್ಕು ನಕ್ಕು ಅಮ್ಮ ಕುರ್ಚಿಯಲ್ಲಿ ಕುಸಿದಳು.

ಧಡಧಡ ಮೆಟ್ಟಿಲು ಹತ್ತಿದ ಸದ್ದಾಯಿತು. ಸೋಪಿನ ನೊರೆ ಮೆತ್ತಿದ ಕೈಯಲ್ಲೇ ಅಪ್ಪ ಬಾಗಿಲಲ್ಲಿ ನಿಂತ. "ಏನೇ ಇದು? ಮನೇಲಿ ಎಮ್ಮೆ ಕಟ್ಟಿದ್ದೀರಾ ಅಂತ ಕೆಳಗೆ ಗಿರಾಕಿಗಳು ಕೇಳ್ತಿದ್ದಾರೆ." ಆಮೇಲೆ ಪಾಸ್ಟರ್ ಕಣ್ಣಿಗೆ ಬಿದ್ದರು. "ನಮಸ್ಕಾರ ಪಾಸ್ಟರ್, ನಿಮಗೆ ಹೇಳಿದ್ದಲ್ಲ," ಎಂದ.

ಇನ್ನೊಂದು ಕಡ್ಡಿ. ಇನ್ನೊಂದು ಸಲ. ನಿನ್ನೆಗಿಂತ ಇವತ್ತು ಮಂಡಿ ಚೆನ್ನಾಗಿಯೇ ಬಗ್ಗಿತು. ನೋವೇನೂ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಅಕ್ಕನ ಅಂಗೈ ಮೇಲೆ ಮೂಡಿದ ಉಗುರಿನ ಗುರುತೇ ಅದನ್ನು ಹೇಳುತ್ತಿತ್ತು.

ಪಾಸ್ಟರಂಕಲ್ ಹೊರಟರು. "ನಾಳೆ ನಾನೇ ವಿನ್ ಆಗೋದು," ಎಂದು ಕಪ್ಪೆಮರಿ ಕೂಗಿದ. ಅಪ್ಪ ಅಮ್ಮ ಅವರನ್ನು ಬಿಟ್ಟುಬರಲು ಕೆಳಗೆ ಹೋದರು.

ಬುಗುರಿ ತಮ್ಮನ ಕಾಲಿನ ಕೆಳಗೆ ದಿಂಬು ಸರಿಪಡಿಸಿದಳು. ತನ್ನ ಕೊನೆಯ ಪ್ರಶ್ನೆಗೆ ಪಾಸ್ಟರಂಕಲ್ ಉತ್ತರ ಬರೆದೇ ಇಲ್ಲ ಎಂದು ಆಗ ನೆನಪಾಯಿತು. ಆ ಊದಿದ ಕೆನ್ನೆಯನ್ನು ಹೊತ್ತುಕೊಂಡು ಅವರು ಮೆಟ್ಟಿಲು ಹತ್ತಿ ಬಂದಿದ್ದೂ ನೆನಪಾಯಿತು.

"ನೋಡು," ಎಂದು ಮೆಲ್ಲಗೆ ಶುರುಮಾಡಿದಳು. "ಟೂ ಸಾಕು. ಆದ್ರೆ ನಂಗೆ ಇನ್ನೂ ಕೋಪ ಇದೆ. ಯಾಕೆ ಅಂತ ನಾಳೆನೂ ಕೇಳ್ತೀನಿ."

"ಯಾರ ಹತ್ರ ಮಾತಾಡ್ತಿದ್ದೀಯಾ?" ಎಂದ ತಮ್ಮ, ನಿದ್ದೆಗಣ್ಣಲ್ಲಿ.

"ನಿನ್ನ ಹತ್ರ ಅಲ್ಲ, ಮಲಕ್ಕೋ," ಎಂದಳು ಬುಗುರಿ. ಆಮೇಲೆ ಮಂಚದ ಮೇಲೆ ತುಸು ಈಚೆಗೆ ಸರಿದು, ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಳು.