ಬಾಲ ಬಂದ ಚುಕ್ಕಿಗಳು

“ಶಿರಾ ಸಂತೆಯಿಂದ ತಂದ ಏಳು ಮರಿ ಎಲ್ಲೇ?” ಮುದ್ದಪ್ಪ ತಾತ ಕುರಿ ರೊಪ್ಪದ ಬಾಗಿಲಲ್ಲೇ ಗುಡುಗಿದ.

ಮೊಮ್ಮಗಳು ರಕ್ಷಾ ಬಣ್ಣದ ಕೈ ಬೆನ್ನ ಹಿಂದೆ ಅಡಗಿಸಿದಳು. “ತಾತ... ಬೆಳಿಗ್ಗೆ ಬಣ್ಣ ಹಚ್ಚು ಅಂದ್ಯಲ್ಲ, ಅವಕ್ಕೆ ಚುಕ್ಕಿ ಇಟ್ಬುಟ್ಟೆ.”

“ಚುಕ್ಕಿನಾ? ನಮ್ಮನೆ ಗುರುತು ಉದ್ದ ಗೀಟು ಕಣಮ್ಮ! ಚುಕ್ಕಿ ಪಕ್ಕದ ರೊಪ್ಪದ ಹೊನ್ನಕ್ಕನ ಮನೇದು. ಮೇಯೋ ತಾವಿಂದ ತಮ್ಮವೇ ಅಂತ ಹೊಡ್ಕೊಂಡು ಹೋಗವ್ರೆ. ನಾಳೆ ಬೆಳಿಗ್ಗೆ ಅವರ ಮಂದೆ ಮೇಯಕ್ಕೆ ನಿಡುಗಲ್ ಬೆಟ್ಟದ ಕಡೆ ಹೊಂಟೋಯ್ತದೆ!”

ಎಲ್ಲಾ ಡ್ರಾಯಿಂಗ್ ಪೀರಿಯಡ್ಡಿನಿಂದ ಆಗಿದ್ದು. ನಿನ್ನೆ ಭೀಮರಾಜು ಮೇಷ್ಟ್ರು ಮೊಬೈಲಲ್ಲಿ ಎರಡು ಹಳೇ ಚಿತ್ರ ತೋರಿಸಿದ್ದರು. ಸೆರಾ ಅನ್ನುವ ಫ್ರಾನ್ಸಿನ ಚಿತ್ರಕಾರ ಬರೀ ಚುಕ್ಕಿ ಇಟ್ಟಿಟ್ಟೇ ಹೊಳೆದಂಡೆ, ಮರ, ಜನ ಎಲ್ಲಾ ಮಾಡಿದ್ದ. ಅದೇ ಕಾಲದ ವ್ಯಾನ್ ಗೋ ದಪ್ಪ ಬಣ್ಣ ಎಳೆದೆಳೆದು ಗೋಧಿ ಹೊಲವನ್ನೇ ಅಲ್ಲಾಡಿಸಿದ್ದ.

“ನಿಮಗೆ ಬೇಕಾದಂಗೆ ಮಧುಗಿರಿ ಬೆಟ್ಟ ಬರೀರಿ,” ಅಂದರು ಮೇಷ್ಟ್ರು.

ತೇಜಸ್ವಿನಿ ಚುಕ್ಕಿ ಇಟ್ಟಳು, ಮಣಿ ಪೋಣಿಸಿದ ಹಾಗೆ. ರಕ್ಷಾಗೂ ಅದೇ ಬೇಕಾಯಿತು. ಆದರೆ ಅವಳ ಕೈ ಒಂದು ಕಡೆ ನಿಲ್ಲದು. ಬ್ರಷ್ ಊರುವ ಮೊದಲೇ ಜಾರುತ್ತಿತ್ತು.

“ಲೇ, ನಿನ್ ಚುಕ್ಕಿಗೆಲ್ಲ ಬಾಲ ಬಂದೈತೆ!” ಅಂತ ತೇಜಸ್ವಿನಿ ನಕ್ಕಿದ್ದಳು.

ಅದಕ್ಕೇ ಇವತ್ತು ಮರಿಗಳ ಬೆನ್ನ ಮೇಲೆ ಚುಕ್ಕಿ ಪ್ರಾಕ್ಟೀಸು.

ತಾತ, ರಕ್ಷಾ ಇಬ್ಬರೂ ಹೊನ್ನಕ್ಕನ ರೊಪ್ಪಕ್ಕೆ ಓಡಿದರು. ಅವಳೂ ಅದೇ ಸಂತೆಯಿಂದ ಮರಿ ತಂದಿದ್ದಳು. ರೊಪ್ಪದ ತುಂಬಾ ಒಂದೇ ಥರದ ಮರಿ, ಎಲ್ಲಕ್ಕೂ ಕೆಂಪು ಚುಕ್ಕಿ.

“ಏಳು ಹೆಚ್ಚಿಗೆ ಇರೋದು ನಿಜ, ತಗೊಂಡೋಗು ಮುದ್ದಣ್ಣ. ಆದ್ರೆ ಯಾವು ನಿನ್ನವು? ಕೊಬ್ಬಿದ ಮರಿನೆಲ್ಲ ಆರಿಸ್ಕೊಳ್ಳಂಗಿಲ್ಲ!” ಅಂದಳು ಹೊನ್ನಕ್ಕ, ಸೊಂಟಕ್ಕೆ ಕೈಯಿಟ್ಟು.

ತಾತ ಒಂದೊಂದೇ ಮರಿಯ ಮೂತಿ ಎತ್ತಿ ನೋಡಿದ. ಸಂತೆಯಿಂದ ಬಂದು ಎರಡು ದಿನವಾದ ಮರಿಗಳ ಮುಖ ಅವನಿಗಾದರೂ ಏನು ಗೊತ್ತು?

ರಕ್ಷಾ ನಿಲ್ಲಲಾರದೆ ಒಳಗೆ ನುಗ್ಗಿದಳು. ಒಂದು ಬೆನ್ನು, ಇನ್ನೊಂದು ಬೆನ್ನು. ಹೊನ್ನಕ್ಕ ಹೆಬ್ಬೆಟ್ಟಲ್ಲಿ ಒತ್ತಿದ ಚುಕ್ಕಿಗಳು ಕುಂಕುಮದ ಬೊಟ್ಟಿನಂತೆ ದುಂಡಗಿದ್ದವು. ಅಷ್ಟರಲ್ಲಿ ಒಂದು ಕರಿಮೂತಿ ಮರಿ ತಿರುಗಿತು. ಅದರ ಚುಕ್ಕಿ ಪಕ್ಕಕ್ಕೆ ಜಾರಿತ್ತು.

“ತಾತ, ಇದು ನಮ್ದು! ಬಾಲ ನೋಡು!”

ಹೊನ್ನಕ್ಕ ಬಗ್ಗಿ ನೋಡಿದಳು. ತನ್ನ ಹೆಬ್ಬೆಟ್ಟನ್ನೂ ನೋಡಿಕೊಂಡಳು. “ಹೂಂ, ಇದು ನನ್ ಕೈಯಲ್ಲ. ಇಂಗೆ ಓಡೋ ಚುಕ್ಕಿ ನಾನ್ಯಾಕೆ ಇಡ್ಲಿ!”

ಏಳೂ ಸಿಕ್ಕವು.

ಮನೆಗೆ ಬಂದು ತಾತ ಬಣ್ಣದ ಡಬ್ಬ ಕುಕ್ಕಿದ. “ಈಗಾದ್ರೂ ಗೀಟು ಎಳಿ.”

ರಕ್ಷಾ ಸರಸರ ಎಳೆದಳು. ಏಳಕ್ಕೂ ಒಂದೊಂದೇ ಎಳೆತ.

ಆಮೇಲೆ ನಿನ್ನೆ ಕೆಟ್ಟುಹೋದ ಡ್ರಾಯಿಂಗ್ ಶೀಟು ತೆಗೆದಳು. ಹರಿಯಲಿಲ್ಲ. ಒಂದು ಚುಕ್ಕಿಯ ಬಾಲಕ್ಕೆ ಬ್ರಷ್ ಇಟ್ಟು ಉದ್ದಕ್ಕೆ ಎಳೆದಳು. ಆಮೇಲೆ ಇನ್ನೊಂದು.

ಹಾಳೆಯ ಮೇಲೆ ಮಧುಗಿರಿ ಬೆಟ್ಟ ಮೈ ಮುರಿದು ಎದ್ದಿತು.