ಬಲಗೈಗೆ ಹಿಡಿಸಿದ ಪಿಸ್ತೂಲು

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಅರಬ್ ನಾಡಿನ ನೈಫ್ ಸೂಕ್ ಎಂಬ ಪೇಟೆಯ ಹಳೆಯ ವಸ್ತುಗಳ ಅಂಗಡಿಯಿಂದ ಪೊಲೀಸರಿಗೆ ದೂರು ಬಂತು. ಮಾಲೀಕ ಅಬ್ಬಾಸ್ ಫೋನಿನಲ್ಲಿ ಹೇಳಿದ್ದಿಷ್ಟು: "ನನ್ನ ಸೇಲ್ಸ್‌ಮನ್ ಎಲ್ಲಿಂದಲೋ ಪಿಸ್ತೂಲು ತಂದು, ಆಟ ಆಡ್ಲಿಕ್ಕೆ ಹೋಗಿ ಕೈಗೆ ಹೊಡ್ಕೊಂಡಿದ್ದಾನೆ." ಆ ಸೇಲ್ಸ್‌ಮನ್ ಅನ್ಸಿಫ್ ತನ್ನ ಒಡಹುಟ್ಟಿದ ತಂಗಿಯ ಮಗ ಎಂದು ಹೇಳುವಷ್ಟು ನಾಲಿಗೆ ಆ ಮಹಾಶಯನಿಗೆ ಇರಲಿಲ್ಲ.

ಲೆಫ್ಟಿನೆಂಟ್ ಹುಮೈದ್ ಸ್ಥಳಕ್ಕೆ ಬಂದು ಪಂಚನಾಮೆ ನಡೆಸಿದರು. ಅನ್ಸಿಫ್ ಪ್ರಜ್ಞೆ ತಪ್ಪಿ ಬಿದ್ದಿದ್ದ. ರಕ್ತ ಸುರಿಯುತ್ತಿದ್ದ ಬಲಗೈಯಲ್ಲಿ ಅಂಗೈಯಗಲದ ಪಿಸ್ತೂಲು. ಅಂಗಡಿ ತುಂಬ ಕೊಳೆತ ಮೊಟ್ಟೆಯ ವಾಸನೆ, ಅದರ ಜೊತೆಗೆ ಬಖೂರ್ ಧೂಪದ ಘಮ.

ಸಂಜೆ ಆಸ್ಪತ್ರೆಯಲ್ಲಿ ಹೇಳಿಕೆ ಪಡೆಯಲು ಠಾಣೆಯ ದುಭಾಷಿ, ಉಡುಪಿ ಕಡೆಯ ಮೆಟಿಲ್ಡಾ ಹೋದರು. ಬಾಗಿಲಲ್ಲಿ ಪೊಲೀಸ್ ಕಾವಲು.

"ಎಂತ ಆಯ್ತು, ಹೇಳು."

"ಮಾಮ ಹೇಳಿದ್ದೇ ಸರಿ."

"ಲೈಸೆನ್ಸ್ ಇಲ್ಲದ ಪಿಸ್ತೂಲು ಮಾರಾಯ! ಜೈಲು, ಆಮೇಲೆ ಗಡಿಪಾರು. ಗೊತ್ತುಂಟಾ ನಿಂಗೆ?"

"ವೀಸಾ ಕೊಟ್ಟು ಕರ್ಕೊಂಡು ಬಂದದ್ದು ಮಾಮ, ಅಕ್ಕಾ."

ಮೆಟಿಲ್ಡಾಗೆ ಮೈಯೆಲ್ಲ ಉರಿಯಿತು. ಡಾಕ್ಟರರನ್ನು ಕೇಳಿದರೆ, ಗುಂಡು ಬಲ ಅಂಗೈಯಿಂದ ಹೊಕ್ಕು ಹಿಂಬದಿಯಿಂದ ಹೊರಬಿದ್ದಿದೆ ಎಂದರು. ಅಂಗೈಯಲ್ಲಿ ಪಿಸ್ತೂಲು ಹಿಡಿದವನು ಅದೇ ಅಂಗೈಗೆ ಹೇಗೆ ಗುಂಡು ಹೊಡೆದುಕೊಳ್ಳುತ್ತಾನೆ? ಅವರು ಅಲ್ಲಿಂದಲೇ ಹುಮೈದ್‌ಗೆ ಫೋನ್ ಮಾಡಿದರು.

ಮರುದಿನ ಪ್ರಯೋಗಾಲಯದ ತಜ್ಞ ಪಿಸ್ತೂಲಿನ ನಳಿಗೆಯನ್ನು ಬಾಟಲಿ ಮುಚ್ಚಳದ ಹಾಗೆ ತಿರುಗಿಸಿ ಬಿಚ್ಚಿದರು. ಬೆಲ್ಜಿಯಂ ಮುದ್ರೆ. ನೂರೈವತ್ತು ವರ್ಷಕ್ಕೂ ಹಳೆಯದು, ಕೋಟಿನ ಜೇಬಿಗೆಂದು ಮಾಡಿದ್ದು. ಕಪ್ಪು ಮದ್ದು ತುಂಬಿ, ಹಿಂಬದಿಯ ಸುತ್ತಿಗೆ ಎಳೆದು, ಟ್ರಿಗರ್ ಒತ್ತಿದರು. ಸ್ಪ್ರಿಂಗ್ ಸತ್ತಿತ್ತು, ಸುತ್ತಿಗೆ ಬೀಳಲೇ ಇಲ್ಲ. ಆಮೇಲೆ ಪಿಸ್ತೂಲನ್ನು ಇಕ್ಕಳಕ್ಕೆ ಬಿಗಿದು, ಮದ್ದಿಗೆ ಕಿಡಿ ಹಾಯುವ ತೂತಿಗೆ ಉದ್ದ ಚಿಮಟದಿಂದ ಕೆಂಡ ಮುಟ್ಟಿಸಿದರು. ಢಮ್! ಕೋಣೆ ತುಂಬ ಬಿಳಿ ಹೊಗೆ, ಅದೇ ಕೊಳೆತ ಮೊಟ್ಟೆಯ ವಾಸನೆ.

"ಬಿಚ್ಚುವಾಗಲೇ ಈ ತೂತಿನಲ್ಲಿ ಬಖೂರ್ ಬೂದಿ ಸಿಕ್ಕಿತ್ತು," ಎಂದರು ತಜ್ಞರು.

ಅಬ್ಬಾಸ್‌ನನ್ನು ಠಾಣೆಗೆ ಕರೆಸಲಾಯಿತು. ಹುಮೈದ್ ಕೇಳಿದರು, ಮೆಟಿಲ್ಡಾ ಕನ್ನಡಕ್ಕೆ ತಂದರು.

"ಅಂಗಡಿಗೆ ಬಖೂರ್ ಹಾಕುವವರು ಯಾರು?"

"ನಾನೇ. ಒಂದೊಂದು ಸಾಮಾನಿಗೂ ಹೊಗೆ ಹಿಡೀತೇನೆ. ಬೇರೆಯವರಿಗೆ ಬಿಡುವುದಿಲ್ಲ."

"ಪಿಸ್ತೂಲಿಗೆ ಮದ್ದು ತುಂಬಿದ್ದು?"

ಅಬ್ಬಾಸ್ ಜೇಬಿನಲ್ಲಿ ಕರವಸ್ತ್ರ ಹುಡುಕಿದ.

"ಗುಂಡು ಬಿದ್ದ ಕೈಗೇ ಅದನ್ನು ಯಾಕೆ ಹಿಡಿಸಿದಿರಿ?"

ಅಬ್ಬಾಸ್ ಮುಖ ಒರೆಸಿಕೊಂಡ. "ಎಡಗೈಗೆ ಯಾರಾದ್ರೂ ಏನಾದ್ರೂ ಕೊಡ್ತಾರಾ ಮೇಡಂ? ಗಾಬರಿಯಲ್ಲಿ ರೂಢಿ ಬಿಡುವುದಿಲ್ಲ."

ರೂಢಿಯಂತೆ! ಪಾಪಕ್ಕೂ ಶಿಸ್ತು ಬೇಕಿತ್ತು ಈ ಮನುಷ್ಯನಿಗೆ. ಮೆಟಿಲ್ಡಾ ಹಲ್ಲು ಕಚ್ಚಿ ಆ ಮಾತನ್ನು ಅರಬ್ಬಿಗೆ ಹೇಳಿದರು.

ಮತ್ತೆಲ್ಲ ತಾನಾಗಿಯೇ ಹೊರಬಂತು. ಗಿರಾಕಿಯೊಬ್ಬ "ಇದು ಆಟಿಕೆ" ಎಂದು ನಕ್ಕಿದ್ದ. ಅಬ್ಬಾಸ್‌ಗೆ ಅದು ನಾಟಿತ್ತು. ಮರಳುಗಾಡಿಗೆ ಒಯ್ದು ಬೆಂಕಿ ಮುಟ್ಟಿಸಿ ತೋರಿಸುತ್ತೇನೆಂದು ಮದ್ದು ಗುಂಡು ತುಂಬಿಟ್ಟಿದ್ದ. ಗುರುವಾರ ಮರೆತು ಅದಕ್ಕೂ ಧೂಪ ಹಿಡಿದ. ಕಪಾಟಿನಲ್ಲಿಡಲು ಪಿಸ್ತೂಲಿಗಾಗಿ ಅನ್ಸಿಫ್ ಎದುರಿನಿಂದ ಕೈ ಚಾಚಿದಾಗಲೇ ಧೂಪದ ಕೆಂಡದ ಕಿಡಿ ತೂತಿಗೆ ಹಾರಿತ್ತು.

"ಅವನಿಗೆ ಇನ್ನೂ ವಯಸ್ಸುಂಟು, ಒಳಗೆ ಹೋಗಿ ಬಂದ್ರೂ ಬದುಕ್ತಾನೆ. ನನ್ನ ಹೆಸರು ಹೋದ್ರೆ ನನಗೆ ಎಂತ ಉಂಟು?" ಎಂದ ಅಬ್ಬಾಸ್.

ಹುಮೈದ್ ಬಂಧನದ ಆದೇಶ ಓದಿದರು.

ಮೆಟಿಲ್ಡಾ ಆಸ್ಪತ್ರೆಗೆ ಹೋಗಿ ಎಲ್ಲವನ್ನೂ ಹೇಳಿದರು. ಬಾಗಿಲ ಕಾವಲು ತೆಗೆದಿದ್ದರು. ಅನ್ಸಿಫ್ ಎಡಗೈಯಿಂದ ಬ್ಯಾಂಡೇಜ್ ಸವರಿದ.

"ಪ್ರಜ್ಞೆ ತಪ್ಪುವ ಮೊದಲು ಮಾಮ ಬಗ್ಗಿ ನನ್ನ ಕೈ ಹಿಡಿದದ್ದು ನೆನಪುಂಟು ಅಕ್ಕಾ," ಎಂದ. "ರಕ್ತ ನಿಲ್ಲಿಸ್ಲಿಕ್ಕೆ ಅಂತ ತಿಳ್ಕೊಂಡಿದ್ದೆ."